ಆಯುಧ ಹಿಡಿಯದ ಒಕ್ಕಲುಮಕ್ಕಳು

ಮನೆಯಲ್ಲಿ ಪ್ರಾಯಕ್ಕೆ ಬಂದ ಮಗನಿದ್ದಾನೆ. ದೇಶಕ್ಕೆ ಯುದ್ಧ ಒದಗಿದೆ. ಇಂಥ ದಿನ ಸೈನ್ಯಕ್ಕೆ ಬಂದು ಸೇರತಕ್ಕದ್ದೆಂದು ಸರ್ಕಾರದ ಆಜ್ಞಾಪತ್ರ ಅವನ ಹೆಸರಿಗೆ ಬಂದಿದೆ. ಆದರೆ ನರಹತ್ಯೆಯು ಮಹಾಪಾತಕವೆಂದೂ, ಯಾವ ದೊರೆಯ ಅಪ್ಪಣೆಯೂ ಆ ಪಾತಕವನ್ನು ತೊಳೆಯಲಾರದೆಂದೂ ಆ ಮನೆತನದವರು ನಾನೂರು ವರ್ಷಗಳಿಂದ ನಂಬಿಕೊಂಡು ಬಂದವರು. ತಂದೆಯಾದವನು ಮಗನಿಗೆ ಏನು ಹೇಳಬೇಕು? ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಸಾವಿರಾರು ಒಕ್ಕಲು ಮನೆಗಳಲ್ಲಿ ಈ ಪ್ರಶ್ನೆಯು ಊಟದ ಮೇಜಿನ ಸುತ್ತ ಕುಳಿತವರ ಎದುರಿಗೆ ನಿಂತಿತ್ತು. ಆ ಮನೆಗಳವರು ಮೆನ್ನೊನೈಟ್ ಎಂಬ ಕ್ರೈಸ್ತ ಪಂಗಡದವರು. ಅವರೇನು ಮಾಡಿದರು, ಸರ್ಕಾರವೇನು ಮಾಡಿತು ಎಂಬ ವೃತ್ತಾಂತವು ನಮ್ಮ ದೇಶದ ವಾಚಕರಿಗೆ ಅಷ್ಟಾಗಿ ತಿಳಿದುದಲ್ಲ.

೧೯೪೦ನೆಯ ಇಸವಿ ಅಕ್ಟೋಬರ್ ೧೬ನೆಯ ತಾರೀಖಿನಂದು ಅಮೆರಿಕಾದಲ್ಲಿ ಇಪ್ಪತ್ತೊಂದರಿಂದ ಮೂವತ್ತೈದು ವರ್ಷದವರೆಗಿನ ಗಂಡಸರು ಸಾಲುಗಟ್ಟಿ ನಿಂತು ಸೈನ್ಯಭರ್ತಿಯ ಪಟ್ಟಿಯಲ್ಲಿ ಹೆಸರು ಬರೆಯಿಸಿದರು. ಅದರ ಮರುದಿನವೇ ನಮ್ಮ ದೇಶದಲ್ಲಿ, ವಾರ್ಧಾದ ಬಳಿಯ ಪವನಾರದಲ್ಲಿ, ವಿನೋಬಾ ಭಾವೆಯವರು ಯುದ್ಧಕ್ಕೆ ನೆರವಾಗಕೂಡದೆಂದು ಬಹಿರಂಗವಾಗಿ ಸಾರಿ ವೈಯಕ್ತಿಕ ಸತ್ಯಾಗ್ರಹವನ್ನು ಮೊದಲುಮಾಡಿದರು. ಇವರ ಸುದ್ದಿ ಅವರಿಗಿಲ್ಲ, ಅವರ ಸುದ್ದಿ ಇವರಿಗಿಲ್ಲ. ಆದರೂ ಎರಡನ್ನೂ ಒಂದೇ ಎನ್ನಲಾಗದು. ಸತ್ಯಾಗ್ರಹಿಯು ಅನ್ಯಾಯದೆದುರು ನಿಂತು, ತಾನು ನೋವುಂಡು, ಎದುರಾಳಿಯ ಮನಸ್ಸನ್ನು ತಿರುಗಿಸಹೊರಡುತ್ತಾನೆ. ಹಳೆಯ ಕಾಲದ ಮೆನ್ನೊನೈಟನಾದರೋ ಎದುರಿಸುವುದೇ ತನಗೆ ಸಲ್ಲದೆನ್ನುತ್ತಾನೆ. ಅವರ ಮತದ ಮಾತು 'ಅಪ್ರತಿಕಾರ'. ಕೆಡುಕನಿಗೆ ಇದಿರು ನಿಲ್ಲಬೇಡವೆಂದು ಯೇಸುಸ್ವಾಮಿಯು ಪರ್ವತಪ್ರಸಂಗದಲ್ಲಿ ಹೇಳಿದ್ದನ್ನು ಅವರು ಅಕ್ಷರಶಃ ಹಿಡಿದವರು. ಗಾಂಧೀಜಿಯವರು ಅದೇ ಪ್ರಸಂಗವನ್ನು ಎಷ್ಟು ಮನ್ನಿಸುತ್ತಿದ್ದರೆಂಬುದು ಎಲ್ಲರೂ ಬಲ್ಲ ವಿಷಯ. ಒಂದೇ ಬಾವಿಯ ನೀರು ಎರಡು ತೋಟಗಳಿಗೆ ಹರಿದು ಎರಡು ಬಗೆಯ ಬೆಳೆ ಬೆಳೆಯಿತೆನ್ನಬಹುದು.

ಈ ಪಂಗಡವು ಹುಟ್ಟಿದ್ದು ಸ್ವಿಟ್ಸರ್ಲೆಂಡಿನ ಜ಼ೂರಿಕ್ ಪಟ್ಟಣದಲ್ಲಿ, ೧೫೨೫ರ ಜನವರಿಯಲ್ಲಿ. ಮಂಗಳೂರಿಗೆ ಹೆಂಚಿನ ಕಾರಖಾನೆಯನ್ನೂ ಅಚ್ಚಿನಮನೆಯನ್ನೂ ತಂದ ಮಿಶನರಿಗಳ ಬಾಸೆಲ್ ಪಟ್ಟಣವು ಅಲ್ಲಿಂದ ದೂರವಲ್ಲ. ಹಸುಗೂಸಿಗೆ ದೀಕ್ಷಾಸ್ನಾನ ಮಾಡಿಸುವುದು ಅರ್ಥವಿಲ್ಲದ್ದು, ತಿಳಿವಳಿಕೆ ಬಂದವನು ತಾನಾಗಿ ಬೇಡಿ ಪಡೆದ ದೀಕ್ಷೆಯೇ ದೀಕ್ಷೆ ಎಂದು ಕೆಲವರು ತರುಣರು ವಾದಿಸಿ, ಒಬ್ಬರಿಗೊಬ್ಬರು ಸ್ನಾನ ಮಾಡಿಸಿದರು. ಇದು ಮತದ್ರೋಹವೂ ರಾಜದ್ರೋಹವೂ ಆಯಿತು. ಎರಡು ವರ್ಷಗಳೊಳಗೆ ಆ ತರುಣರಲ್ಲೊಬ್ಬನಾದ ಫೀಲಿಕ್ಸ್ ಮಾಂಜ಼್ ಎಂಬವನನ್ನು ಲಿಮ್ಮಟ್ ಹೊಳೆಯಲ್ಲಿ ಮುಳುಗಿಸಿ ಕೊಂದರು. ಅದೇ ೧೫೨೭ರಲ್ಲಿ ಶ್ಲೈಟ್‌ಹೈಮ್ ಎಂಬ ಹಳ್ಳಿಯಲ್ಲಿ ಕೂಡಿದ ಅನುಯಾಯಿಗಳು, ಆಳುವವರ ಕೈಯಲ್ಲಿ ಖಡ್ಗವಿರುವುದು ಲೋಕವ್ಯವಸ್ಥೆಗಾಗಿ, ಕ್ರಿಸ್ತನ ಹಿಂಬಾಲಕನ ಕೈಗೆ ಅದು ಸಲ್ಲದು ಎಂದು ನಿರ್ಣಯಿಸಿದರು. ಮುಂದೆ ೧೫೩೬ರಲ್ಲಿ ರೋಮನ್ ಸಭೆಯ ಪಾದ್ರಿಯಾಗಿದ್ದ ಮೆನ್ನೊ ಸೈಮನ್ಸ್ ಎಂಬ ನೆದರ್ಲೆಂಡಿನವನು ತನ್ನ ಪದವಿಯನ್ನು ಬಿಟ್ಟು ಇವರನ್ನು ಸೇರಿ, ಚೆದರಿದ ಮಂದೆಯನ್ನು ಒಟ್ಟುಗೂಡಿಸಿದನು. ಅವನ ಹೆಸರೇ ಪಂಗಡಕ್ಕೆ ನಿಂತಿತು.

ಇವರ ಮನೆಗಳಲ್ಲಿ ಮಕ್ಕಳಿಗೆ ಹೇಳುವ ಕಥೆಗಳಲ್ಲಿ ಒಂದು ಡಿರ್ಕ್ ವಿಲ್ಲೆಮ್ಸ್ ಎಂಬವನದು. ೧೫೬೯ರಲ್ಲಿ ಹಾಲೆಂಡಿನ ಆಸ್ಪರೆನ್ ಎಂಬ ಊರಿನ ಸೆರೆಯಿಂದ ತಪ್ಪಿಸಿಕೊಂಡು, ಹೆಪ್ಪುಗಟ್ಟಿದ ನೀರಿನ ಮೇಲೆ ಓಡುತ್ತಿದ್ದಾಗ, ಬೆನ್ನಟ್ಟಿ ಬಂದ ಕಾವಲುಗಾರನು ಮಂಜುಗಡ್ಡೆ ಒಡೆದು ನೀರಿಗೆ ಬಿದ್ದನು. ಓಡಿದ್ದರೆ ಡಿರ್ಕನು ಬದುಕುತ್ತಿದ್ದನು. ಹಿಂದಿರುಗಿ ಬಂದು, ಕೈ ನೀಡಿ, ಶತ್ರುವನ್ನು ಮೇಲಕ್ಕೆಳೆದನು. ಅದರಿಂದಲೇ ಸಿಕ್ಕಿಬಿದ್ದನು, ಅವನನ್ನು ಜೀವಸಹಿತ ಸುಟ್ಟರು. ೧೬೬೦ರಲ್ಲಿ ಅಚ್ಚಾದ ಇವರ ಹುತಾತ್ಮರ ಚರಿತ್ರೆಯ ದೊಡ್ಡ ಗ್ರಂಥದಲ್ಲಿ ಈ ಕಥೆಯಿದೆ. ಇಂಥ ಕಥೆಯನ್ನು ತಾಯ ತೊಡೆಯ ಮೇಲೆ ಕೇಳಿದ ಹುಡುಗನು ಮುಂದೆ ಬಂದೂಕವನ್ನು ಮುಟ್ಟಲಾರೆನೆಂದರೆ ಆಶ್ಚರ್ಯವೇನು?

ನೆಲೆ ಸಿಕ್ಕಿದಲ್ಲೆಲ್ಲ ಇವರು ಹೋದರು. ಕೆಲವರು ಪೆನ್ಸಿಲ್ವೇನಿಯಾಕ್ಕೆ ಬಂದು ಬೇಸಾಯ ಹೂಡಿದರು. ಬೇರೆ ಕೆಲವರನ್ನು ರಷ್ಯದ ಚಕ್ರವರ್ತಿನಿ ಕ್ಯಾಥರೀನಳು ಸೈನ್ಯಸೇವೆಯಿಲ್ಲವೆಂಬ ವಾಗ್ದಾನದೊಡನೆ ಕರೆಯಿಸಿಕೊಂಡಳು. ನೂರು ವರ್ಷದ ಮೇಲೆ ಆ ವಾಗ್ದಾನಕ್ಕೆ ಭಂಗ ಬಂದಾಗ, ೧೮೭೪ರಿಂದೀಚೆಗೆ ಸುಮಾರು ೧೮,೦೦೦ ಮಂದಿ ಅಲ್ಲಿಂದ ಗಂಟುಮೂಟೆ ಕಟ್ಟಿ ಕ್ಯಾನ್ಸಸ್ ಮುಂತಾದ ಅಮೆರಿಕಾದ ಬಯಲುಸೀಮೆಗಳಿಗೂ ಕೆನಡಾ ದೇಶಕ್ಕೂ ವಲಸೆ ಬಂದರು. ರಷ್ಯದಲ್ಲಿಯೇ ಉಳಿದವರ ತರುಣರಿಗೆ ಅಲ್ಲಿನ ಸರ್ಕಾರವು ಸೈನ್ಯದ ಬದಲು ಅರಣ್ಯದ ಕೆಲಸವನ್ನು ಗೊತ್ತುಮಾಡಿತು. ಬಂದೂಕದ ಬದಲು ಗುದ್ದಲಿಯೆಂಬ ಈ ಏರ್ಪಾಡು ಮುಂದೆ ಅಮೆರಿಕಾದಲ್ಲಿ ನಡೆದುದಕ್ಕೆ ಒಂದು ಮೇಲ್ಪಂಕ್ತಿಯಾಯಿತು.

ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕಾ ಸರ್ಕಾರಕ್ಕೆ ಈ ವಿವೇಕವಿರಲಿಲ್ಲ. ೧೯೧೭ರ ಶಾಸನದಂತೆ ಇಂಥವರು ಬಂದೂಕ ಹಿಡಿಯಬೇಕಾಗಿರಲಿಲ್ಲ, ನಿಜ; ಆದರೆ ಸೈನ್ಯದೊಳಗೇ ಇದ್ದು, ಸಮವಸ್ತ್ರ ತೊಟ್ಟು, ಸೇನಾಧಿಕಾರಿಗಳ ಕೆಳಗೆ ಬೇರೆ ಕೆಲಸ ಮಾಡಬೇಕಾಗಿತ್ತು. ಕೊಲ್ಲುವ ಯಂತ್ರದ ಒಂದು ಮೊಳೆಯಾಗಿರುವುದೂ ಕೊಂದಂತೆಯೇ ಎಂದು ಅನೇಕರು ಅದನ್ನೂ ಒಲ್ಲೆನೆಂದರು. ಮೆನ್ನೊನೈಟರ ದಾಯಾದಿಗಳೆನ್ನಬಹುದಾದ ಹಟರೈಟ್ ಪಂಗಡದ ನಾಲ್ವರು ತರುಣರಿಗೆ, ಸಮವಸ್ತ್ರ ತೊಡದ ಕಾರಣಕ್ಕೆ, ಇಪ್ಪತ್ತು ವರ್ಷದ ಶಿಕ್ಷೆಯಾಯಿತು. ಅವರನ್ನು ಆಲ್ಕಟ್ರಾಜ಼್ ದ್ವೀಪದ ನೆಲಮಾಳಿಗೆಯಲ್ಲಿ ಒಳವಸ್ತ್ರದಲ್ಲಿಯೇ ಇರಿಸಿ, ಕೈಗಳನ್ನು ಕಂಬಿಗೆ ಸರಪಳಿಯಿಂದ ಬಿಗಿದರು. ಯುದ್ಧ ಮುಗಿದ ಮೇಲೆ, ೧೯೧೮ರ ನವೆಂಬರಿನಲ್ಲಿ, ಅವರನ್ನು ಲೆವನ್‌ವರ್ತ್ ಸೆರೆಮನೆಗೆ ಸಾಗಿಸಿದರು. ಅಲ್ಲಿ ಜೋಸೆಫ್ ಹೋಫರ್, ಮೈಕೆಲ್ ಹೋಫರ್ ಎಂಬ ಅಣ್ಣತಮ್ಮಂದಿರು ಕೆಲವೇ ದಿನಗಳಲ್ಲಿ ಒಬ್ಬನ ಹಿಂದೆ ಒಬ್ಬನು ತೀರಿಕೊಂಡರು. ಜೋಸೆಫನ ಹೆಂಡತಿ ಗಂಡನ ಮುಖ ನೋಡಲು ಹೋದಾಗ, ಜೀವವಿರುವ ತನಕ ಅವನು ತೊಡಲೊಲ್ಲದಿದ್ದ ಆ ಸೈನಿಕ ಉಡುಪನ್ನೇ ಶವಕ್ಕೆ ತೊಡಿಸಿದ್ದರಂತೆ. ಊರುಗಳಲ್ಲಿಯೂ ಜನರ ಕೋಪ ಕಡಮೆಯಿರಲಿಲ್ಲ. ಇವರಲ್ಲಿ ಅನೇಕರು ಮನೆಯಲ್ಲಿ ಜರ್ಮನ್ ಮಾತನಾಡುವವರು. ಯುದ್ಧಸಾಲದ ಪತ್ರ ಕೊಳ್ಳುವುದಿಲ್ಲವೆಂದ ಕಡೆಗಳಲ್ಲಿ ಪ್ರಾರ್ಥನಾಮಂದಿರಗಳಿಗೆ ಹೇಡಿತನದ ಗುರುತೆಂದು ಹಳದಿ ಬಣ್ಣ ಬಳಿದರು.

ಈ ಪಾಠವನ್ನು ಹಿರಿಯರು ಮರೆಯಲಿಲ್ಲ. ಮುಂದಿನ ಯುದ್ಧದ ಮೋಡ ಕವಿಯುವ ಮೊದಲೇ, ೧೯೩೫ರಲ್ಲಿ, ಕ್ಯಾನ್ಸಸ್ ಸೀಮೆಯ ನ್ಯೂಟನ್ ಎಂಬಲ್ಲಿ ಮೆನ್ನೊನೈಟರು, ಕ್ವೇಕರು ಮತ್ತು ಬ್ರೆದ್ರೆನ್ ಎಂಬ ಮೂರು ಶಾಂತಿಸಭೆಗಳವರು ಕೂಡಿ ಆಲೋಚಿಸಿದರು. ೧೯೪೦ರ ಜನವರಿಯಲ್ಲಿ ಅವರ ಪ್ರತಿನಿಧಿಗಳು ರೂಸ್ವೆಲ್ಟ್ ಅಧ್ಯಕ್ಷರನ್ನೇ ಕಂಡು ಅಹವಾಲು ಒಪ್ಪಿಸಿದರು. ಸೆಪ್ಟೆಂಬರಿನಲ್ಲಿ ಹೊರಟ ಶಾಸನದಲ್ಲಿ, ಧರ್ಮಶಿಕ್ಷಣದ ಮತ್ತು ನಂಬಿಕೆಯ ಕಾರಣದಿಂದ ಯುದ್ಧವನ್ನು ನಿರಾಕರಿಸುವವನು ಸೈನ್ಯದ ಹೊರಗೆ, ಸೈನಿಕರಲ್ಲದ ಅಧಿಕಾರಿಗಳ ಕೆಳಗೆ, ರಾಷ್ಟ್ರಕ್ಕೆ ಉಪಯುಕ್ತವಾದ ಕೆಲಸ ಮಾಡಬಹುದೆಂಬ ವಿಧಿ ಸೇರಿತು. ಇದಕ್ಕೆ 'ಸಿವಿಲಿಯನ್ ಪಬ್ಲಿಕ್ ಸರ್ವಿಸ್', ಅಂದರೆ ನಾಗರಿಕ ಲೋಕಸೇವೆ, ಎಂದು ಹೆಸರಿಟ್ಟರು. ಮೊದಲನೆಯ ಶಿಬಿರವು ೧೯೪೧ರ ಮೇ ತಿಂಗಳಲ್ಲಿ ಬಾಲ್ಟಿಮೋರಿನ ಹತ್ತಿರ ಪಟಾಪ್ಸ್ಕೋ ಎಂಬಲ್ಲಿ ತೆರೆಯಿತು. ಒಂದು ವಾರದೊಳಗಾಗಿ ಮೆನ್ನೊನೈಟರ ಮೊದಲ ಶಿಬಿರವು ವರ್ಜೀನಿಯಾದ ಗ್ರಾಟೋಸ್ ಎಂಬಲ್ಲಿ ತೆರೆಯಿತು. ೧೯೪೭ರಲ್ಲಿ ಏರ್ಪಾಡು ಮುಗಿಯುವುದರೊಳಗೆ ನೂರೈವತ್ತಕ್ಕೂ ಮೇಲ್ಪಟ್ಟು ಶಿಬಿರಗಳಲ್ಲಿ ಸುಮಾರು ೧೨,೦೦೦ ಮಂದಿ ಸೇವೆ ಮಾಡಿದರು. ಅವರಲ್ಲಿ ನಾಲ್ಕು ಸಾವಿರದ ಆರುನೂರಕ್ಕೂ ಹೆಚ್ಚು ಮಂದಿ ಮೆನ್ನೊನೈಟರು.

ಈ ಸೇವೆಯ ಖರ್ಚನ್ನು ಯಾರು ಕೊಟ್ಟರೆಂಬುದನ್ನು ಗೃಹಸ್ಥರು ಗಮನಿಸಬೇಕು. ಸರ್ಕಾರವು ಸಂಬಳವೆಂದು ಒಂದು ಕಾಸನ್ನೂ ಕೊಡಲಿಲ್ಲ. ಊಟ, ವಸತಿ, ಆಡಳಿತಗಳಿಗೆ ತಲೆಗೆ ತಿಂಗಳಿಗೆ ಸುಮಾರು ೩೫ ಡಾಲರುಗಳನ್ನು ಅವರವರ ಸಭೆಗಳೋ ಮನೆಯವರೋ ಒದಗಿಸಬೇಕಾಗಿತ್ತು. ಹುಡುಗನ ಕೈಖರ್ಚಿಗೆ ತಿಂಗಳಿಗೆ ಎರಡೂವರೆ ಡಾಲರು. ಅದೇ ಕಾಲದಲ್ಲಿ ಅಮೆರಿಕಾದಲ್ಲಿ ಸೆರೆಯಾಗಿದ್ದ ಜರ್ಮನ್ ಸೈನಿಕನಿಗೆ ದುಡಿದ ದಿನಕ್ಕೆ ೮೦ ಸೆಂಟು ಕೂಲಿ ದೊರೆಯುತ್ತಿತ್ತು. ಶತ್ರುವಿನ ಕೂಲಿಯಷ್ಟೂ ಸ್ವದೇಶದ ಶಾಂತಿವಾದಿಗೆ ಸಿಕ್ಕಲಿಲ್ಲ. ಮೆನ್ನೊನೈಟರ ಪರವಾಗಿ ಈ ಭಾರವನ್ನು ಹೊತ್ತದ್ದು ಮೆನ್ನೊನೈಟ್ ಸೆಂಟ್ರಲ್ ಕಮಿಟಿ. ೧೯೨೦ರಲ್ಲಿ ರಷ್ಯದ ಕ್ಷಾಮಪೀಡಿತರಿಗೆ ಅನ್ನ ಕೊಡಲೆಂದು ಹುಟ್ಟಿದ ಸಂಸ್ಥೆ. ಶಿಬಿರಗಳಿಗಾಗಿ ಅದು ಮೂವತ್ತು ಲಕ್ಷ ಡಾಲರುಗಳಿಗೂ ಮಿಕ್ಕಿ ವೆಚ್ಚಮಾಡಿತು.

ಆ ಹಣದ ಹಿಂದೆ ಹೆಂಗಸರ ದುಡಿಮೆಯಿತ್ತು. ಬೇಸಗೆಯಲ್ಲಿ ಪೀಚು, ಸೇಬು, ಹುರುಳಿಕಾಯಿ, ಟೊಮೇಟೊಗಳನ್ನು ಬೇಯಿಸಿ, ಗಾಜಿನ ಜಾಡಿಗಳಲ್ಲಿ ತುಂಬಿ ಬಾಯಿ ಬಿಗಿದು, ಲಾರಿಗಳಲ್ಲಿ ಶಿಬಿರಗಳಿಗೆ ಕಳುಹಿಸುತ್ತಿದ್ದರು; ಬಟ್ಟೆಯ ತುಂಡುಗಳನ್ನು ಕೂಡಿಸಿ ಕೌದಿ ಹೊಲಿಯುತ್ತಿದ್ದರು. ಸೈನಿಕನ ಹೆಂಡತಿಗೆ ಸರ್ಕಾರದಿಂದ ಮಾಸಾಶನವಿತ್ತು. ಇವರ ಹೆಂಡಿರಿಗೆ ಇಲ್ಲ. ಮದುವೆಯಾಗಿ ವರ್ಷ ತುಂಬದ ಹುಡುಗಿಯರು ಗಂಡನ ಶಿಬಿರದ ಬಳಿಯ ಊರಿಗೆ ಹೋಗಿ, ಪರರ ಮನೆಗಳಲ್ಲಿ ಕಸಮುಸುರೆ ಮಾಡಿಯೋ, ಆಸ್ಪತ್ರೆಗಳಲ್ಲಿ ದಾದಿಯರಾಗಿಯೋ ಹೊಟ್ಟೆ ಹೊರೆದರು. ಗಂಡ ಯಾರೆಂದು ತಿಳಿದೊಡನೆ ಬಾಡಿಗೆಗೆ ಕೋಣೆ ಇಲ್ಲವೆಂದ ಮನೆಯೊಡೆಯರೂ ಇದ್ದರು. ಗಂಡಸರ ಹೆಸರು ಸರ್ಕಾರದ ದಫ್ತರಗಳಲ್ಲಿ ಉಳಿಯಿತು. ಈ ಹೆಂಗಸರ ಲೆಕ್ಕವನ್ನು ಬಹುಕಾಲ ಯಾರೂ ಬರೆಯಲಿಲ್ಲ.

ಶಿಬಿರದ ಕೆಲಸಗಳು ಬಗೆಬಗೆಯವು. ಬಹುಪಾಲು ಮಣ್ಣಿನ ಸವೆತವನ್ನು ತಡೆಯುವುದು, ಒಡ್ಡು ಕಟ್ಟುವುದು, ಸಸಿ ನೆಡುವುದು, ಕಾಡಿನ ಬೆಂಕಿ ಆರಿಸುವುದು. ಹುಟ್ಟಿದಂದಿನಿಂದ ನೇಗಿಲು ಹಿಡಿದವರಿಗೆ ಇದು ಕಷ್ಟವಲ್ಲ. ಆದರೆ ಲೋಕವೇ ಹೊತ್ತಿ ಉರಿಯುತ್ತಿರುವಾಗ ಸಸಿ ನೆಡುತ್ತ ಕುಳಿತಿರುವೆವಲ್ಲಾ ಎಂಬ ಕೊರಗು ಅನೇಕರನ್ನು ತಿಂದಿತು. 'ಹೇಡಿಗಳು' ಎಂಬ ಮಾತಿಗೆ ಉತ್ತರ ಕೊಡಬೇಕೆಂಬ ಹಂಬಲವೂ ಪ್ರಾಯದವರಲ್ಲಿ ಸಹಜವೇ. ೧೯೪೩ರಲ್ಲಿ ಮಾಂಟಾನಾದ ಮಿಸೂಲಾದಲ್ಲಿ, ವಿಮಾನದಿಂದ ಪ್ಯಾರಾಶೂಟ್ ಕಟ್ಟಿಕೊಂಡು ಕಾಡುಗಿಚ್ಚಿನ ನಡುವೆ ಧುಮುಕುವವರು ಬೇಕೆಂದಾಗ ಅರ್ಜಿಗಳು ಕೂಡಲೇ ಬಂದುವು. ಯುದ್ಧ ಮುಗಿಯುವುದರೊಳಗೆ ಸುಮಾರು ೨೪೦ ಮಂದಿ ಹೀಗೆ ಧುಮುಕಿದರು.

ಆದರೆ ನನ್ನ ಎಣಿಕೆಯಲ್ಲಿ ಇವರ ನಂಬಿಕೆಗೆ ನಿಜವಾದ ಒರೆಗಲ್ಲಾದುದು ಹುಚ್ಚರ ಆಸ್ಪತ್ರೆಗಳು. ಯುದ್ಧದ ಕಾರಖಾನೆಗಳಲ್ಲಿ ಹೆಚ್ಚು ಸಂಬಳ ಸಿಕ್ಕುವಾಗ ಈ ಆಸ್ಪತ್ರೆಗಳ ಕೀಳು ಕೆಲಸಕ್ಕೆ ಆಳುಗಳೇ ಇರಲಿಲ್ಲ. ಆ ಜಾಗಗಳಿಗೆ ಶಿಬಿರಗಳಿಂದ ತರುಣರನ್ನು ಕಳುಹಿಸಿದರು. ೧೯೪೨ರ ಆಗಸ್ಟಿನಲ್ಲಿ ವರ್ಜೀನಿಯಾದ ಸ್ಟಾಂಟನ್ ಆಸ್ಪತ್ರೆಗೆ ಮೆನ್ನೊನೈಟರ ಮೊದಲ ತಂಡ ಹೋಯಿತು. ಕಡೆಗೆ ಇವರಲ್ಲಿ ಸುಮಾರು ೧,೫೦೦ ಮಂದಿಯೂ, ಎಲ್ಲ ಸಭೆಗಳವರೂ ಸೇರಿ ಸುಮಾರು ೩,೦೦೦ ಮಂದಿಯೂ ಈ ಕೆಲಸ ಮಾಡಿದರು. ಹಳ್ಳಿಯ ಹುಡುಗನು ಅಲ್ಲಿ ಕಂಡದ್ದೇನು? ಒಬ್ಬ ಪರಿಚಾರಕನ ವಶಕ್ಕೆ ನೂರಕ್ಕೂ ಮಿಕ್ಕಿ ರೋಗಿಗಳು; ಬಟ್ಟೆಯಿಲ್ಲದೆ ಸಿಮೆಂಟಿನ ನೆಲದ ಮೇಲೆ ಕುಳಿತವರು; ಮಲಮೂತ್ರದ ದುರ್ಗಂಧ; ಹಗಲಿರುಳೂ ಕಟ್ಟಿಹಾಕಿದ ಕೈಕಾಲುಗಳು. ಹಳೆಯ ಪರಿಚಾರಕರು ಹೊಸಬನ ಕೈಗೆ ಮೊದಲ ದಿನ ಕೊಡುತ್ತಿದ್ದುದು ಒಂದು ಪೊರಕೆಯ ಹಿಡಿ, ಇಲ್ಲವೆ ಒಳಗೆ ಸೀಸದ ಗುಂಡು ತುಂಬಿದ ರಬ್ಬರಿನ ಕೊಳವೆ. ಹೊಡೆಯದಿದ್ದರೆ ನೀನೇ ಸಾಯುತ್ತೀಯೆ ಎಂಬುದು ಅವರ ಉಪದೇಶ.

ಈಗ ಯೋಚಿಸಿರಿ. ದೂರದ ಶತ್ರುವನ್ನು ಕೊಲ್ಲುವುದಿಲ್ಲವೆಂದು ದೇಶವನ್ನೇ ಎದುರುಹಾಕಿಕೊಂಡು ಬಂದ ಹುಡುಗನ ಮೇಲೆ, ಮತಿಗೆಟ್ಟ ಬಲಿಷ್ಠನೊಬ್ಬನು ಕುರ್ಚಿಯೆತ್ತಿ ಬೀಸುತ್ತಾನೆ. ಅಪ್ರತಿಕಾರವೆಂಬ ಮಾತು ಈಗ ಗ್ರಂಥದಲ್ಲಿಲ್ಲ, ಕೋಣೆಯೊಳಗಿದೆ. ಹಲವರು ಬರಿಗೈಯಲ್ಲಿ ಒಳಹೋಗುವುದನ್ನು ಅಭ್ಯಾಸಮಾಡಿದರು. ಮೆಲ್ಲನೆ ಮಾತನಾಡಿದರು, ಇಬ್ಬರು ಮೂವರು ಕೂಡಿ ನೋವಾಗದಂತೆ ಹಿಡಿದು ನಿಲ್ಲಿಸಿದರು, ರೋಗಿಗೆ ಕ್ಷೌರ ಮಾಡಿಸಿ, ಬಟ್ಟೆ ತೊಡಿಸಿ, ಹೆಸರು ಹಿಡಿದು ಕರೆದರು. ಎಲ್ಲರಿಗೂ ಇದು ಕೈಗೂಡಿತೆಂದರೆ ಸುಳ್ಳಾದೀತು. ದಿನಕ್ಕೆ ಹನ್ನೆರಡು ಗಂಟೆಯ ಕೆಲಸ, ನಿದ್ದೆಗೆಟ್ಟ ಕಣ್ಣು. ಸಹನೆ ತಪ್ಪಿ ಕೈಯೆತ್ತಿದವರೂ ಇದ್ದರು, ಎತ್ತಿದ ಮೇಲೆ ಪಶ್ಚಾತ್ತಾಪಪಟ್ಟವರೂ ಇದ್ದರು. ಹುಚ್ಚನನ್ನು ಬಲದಿಂದ ಹಿಡಿದು ನಿಲ್ಲಿಸುವುದೂ ಹಿಂಸೆಯೇ ಅಲ್ಲವೇ ಎಂದು ರಾತ್ರಿಯೆಲ್ಲ ಚರ್ಚೆ ನಡೆಯುತ್ತಿತ್ತು. ಆ ಚರ್ಚೆಗೆ ಪೂರ್ಣವಾದ ಉತ್ತರ ಸಿಕ್ಕಿತೆಂದು ತೋರುವುದಿಲ್ಲ.

ಅವರು ಕಂಡದ್ದನ್ನು ಬರೆದಿಟ್ಟುದು ದೊಡ್ಡ ಕೆಲಸವಾಯಿತು. ಫಿಲಡೆಲ್ಫಿಯಾದ ಬೈಬರಿ ಆಸ್ಪತ್ರೆಯಲ್ಲಿ ಕ್ವೇಕರ ಆಡಳಿತಕ್ಕೆ ಸೇರಿದ ತಂಡವೊಂದಿತ್ತು. ಅಲ್ಲಿನ ತರುಣರು ಬೇರೆ ಬೇರೆ ಆಸ್ಪತ್ರೆಗಳ ತಮ್ಮವರಿಂದ ವರದಿಗಳನ್ನು ತರಿಸಿ ಕೂಡಿಸಿದರು. ಅವರಲ್ಲೊಬ್ಬನು ಗುಟ್ಟಾಗಿ ಛಾಯಾಚಿತ್ರಗಳನ್ನೂ ತೆಗೆದನು. ೧೯೪೬ರ ಮೇ ತಿಂಗಳಲ್ಲಿ 'ಲೈಫ್' ಪತ್ರಿಕೆಯು ಆ ವರದಿಗಳ ಆಧಾರದ ಮೇಲೆ ಚಿತ್ರಸಮೇತವಾಗಿ ಲೇಖನವನ್ನು ಪ್ರಕಟಿಸಿದಾಗ ಅಮೆರಿಕಾದ ಮನೆಮನೆಗಳಲ್ಲಿ ತಲ್ಲಣವಾಯಿತು. ಆಗತಾನೆ ಜರ್ಮನಿಯ ಯಾತನಾಶಿಬಿರಗಳ ಚಿತ್ರಗಳನ್ನು ನೋಡಿದ್ದ ಜನರು, ತಮ್ಮ ತೆರಿಗೆಯಿಂದ ನಡೆಯುವ ಆಸ್ಪತ್ರೆಗಳ ಚಿತ್ರಗಳು ಅವುಗಳಂತೆಯೇ ಇರುವುದನ್ನು ಕಂಡರು. ಅದೇ ವರ್ಷ ಬೈಬರಿಯವರು ಮಾನಸಿಕ ಆರೋಗ್ಯದ ರಾಷ್ಟ್ರೀಯ ಸಂಸ್ಥೆಯೊಂದನ್ನು ಸ್ಥಾಪಿಸಿದರು. ಮೆನ್ನೊನೈಟರು ಸ್ವಭಾವತಃ ಪ್ರಚಾರಕ್ಕೆ ಸಂಕೋಚಪಡುವವರು. ಈ ಕೋಲಾಹಲದಲ್ಲಿ ಅವರು ಹಿಂದೆಯೇ ನಿಂತರು.

ಇನ್ನೊಂದು ಬಗೆಯ ಸೇವೆ ದೇಹವನ್ನೇ ಒಪ್ಪಿಸುವುದು. ೧೯೪೪ರ ನವೆಂಬರಿನಲ್ಲಿ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿಯು ಹಸಿವಿನ ಪರೀಕ್ಷೆಗಾಗಿ ಇಂಥ ತರುಣರಲ್ಲಿ ೩೬ ಮಂದಿಯನ್ನು ಆರಿಸಿಕೊಂಡನು. ಇಪ್ಪತ್ತನಾಲ್ಕು ವಾರ ಅವರಿಗೆ ಆಲೂಗಡ್ಡೆ, ಕೋಸು, ಕಂದುಬಣ್ಣದ ರೊಟ್ಟಿ ಮುಂತಾದುವನ್ನು ದಿನಕ್ಕೆರಡು ಹೊತ್ತು, ಅರೆಹೊಟ್ಟೆಯಷ್ಟೇ ಕೊಟ್ಟು, ವಾರಕ್ಕೆ ೨೨ ಮೈಲಿ ನಡೆಯಿಸಿದರು. ಮೈತೂಕದಲ್ಲಿ ಕಾಲುಪಾಲು ಕರಗಿತು. ಸಾಧುಗಳೆನಿಸಿದ್ದವರು ಸಿಡುಕರಾದರು, ತಟ್ಟೆಯನ್ನು ನೆಕ್ಕಿದರು, ಅಡಿಗೆಯ ಪುಸ್ತಕಗಳನ್ನು ಪುರಾಣದಂತೆ ಪಾರಾಯಣ ಮಾಡಿದರು. ಯುದ್ಧದಿಂದ ಹಸಿದ ಯೂರೋಪಿಗೆ ಹೇಗೆ ಉಣಿಸಬೇಕೆಂದು ತಿಳಿಯುವುದು ಉದ್ದೇಶ. ೧೯೫೦ರಲ್ಲಿ ಎರಡು ಸಂಪುಟಗಳಾಗಿ ಅಚ್ಚಾದ ಆ ಗ್ರಂಥವನ್ನು ಹಸಿವಿನ ವಿಷಯದಲ್ಲಿ ಇಂದಿಗೂ ಉದಾಹರಿಸುತ್ತಾರೆ. ಇದನ್ನೋದುವಾಗ ೧೯೪೩ರ ಬಂಗಾಳದ ಕ್ಷಾಮವನ್ನು ನೆನೆಯದಿರಲಾಗದು. ಅಲ್ಲಿ ಲಕ್ಷಗಟ್ಟಲೆ ಜನ ಯಾವ ವಿಜ್ಞಾನಿಯ ತಕ್ಕಡಿಗೂ ಏರದೆ ಸತ್ತರು. ಮೆನ್ನೊನೈಟ್ ಸೆಂಟ್ರಲ್ ಕಮಿಟಿಯು ಆ ವರ್ಷಗಳಲ್ಲಿ ಕಲ್ಕತ್ತೆಯ ಕಡೆ ಪರಿಹಾರಕಾರ್ಯಕ್ಕೆ ಬಂದಿತ್ತು. ಈ ಪಂಗಡವು ಹಿಂದೂದೇಶಕ್ಕೆ ಹೊಸದೂ ಅಲ್ಲ: ೧೮೯೯ರಿಂದ ಮಧ್ಯಪ್ರಾಂತದ ಧಮ್ತರಿಯಲ್ಲಿ, ನಮ್ಮ ರಾಯಚೂರಿಗೆ ನೆರೆಯಾದ ಮೆಹಬೂಬನಗರ, ಗದ್ವಾಲಗಳ ಸೀಮೆಯಲ್ಲಿ ಅವರ ಮಿಶನ್ನುಗಳು ನಡೆದಿವೆ.

ಹೊರದೇಶಗಳಿಗೆ ಹೋಗಿ ಹಸಿದವರಿಗೆ ಅನ್ನ ನೀಡುವುದೇ ತಮ್ಮ ಸೇವೆಯಾಗಲೆಂದು ಶಿಬಿರದವರು ಬಹಳ ಆಸೆಪಟ್ಟಿದ್ದರು. ಚೀನಾಕ್ಕೆಂದು ಹೊರಟ ಮೊದಲ ತಂಡವು ದಕ್ಷಿಣ ಆಫ್ರಿಕದವರೆಗೂ ಹೋಗಿತ್ತು. ೧೯೪೩ರಲ್ಲಿ ಅಮೆರಿಕಾದ ಕಾಂಗ್ರೆಸ್ಸು ಇವರನ್ನು ಸಮುದ್ರದಾಚೆಗೆ ಕಳುಹಿಸಕೂಡದೆಂದು ವಿಧಿಸಿದ್ದರಿಂದ ಅಲ್ಲಿಂದಲೇ ಹಿಂದಿರುಗಬೇಕಾಯಿತು. ಹೊಲ, ಹೈನುಮನೆಗಳಲ್ಲಿ ದುಡಿದವರ ಕೂಲಿಯ ಗತಿಯೂ ಹೀಗೆಯೇ ಆಯಿತು. ಯಜಮಾನರು ಕೊಟ್ಟ ಕೂಲಿಯನ್ನು ಸರ್ಕಾರವು ತನ್ನ ಬೊಕ್ಕಸದಲ್ಲಿ ಇರಿಸಿಕೊಂಡಿತು; ಅದು ಸುಮಾರು ೧೩ ಲಕ್ಷ ಡಾಲರುಗಳಷ್ಟಾಯಿತು. ಕ್ಷಾಮಪರಿಹಾರಕ್ಕೆ ಕೊಡಿರೆಂದು ಸಭೆಗಳವರು ಎಷ್ಟು ಬೇಡಿದರೂ ಆ ಹಣ ಹೊರಬರಲಿಲ್ಲ.

ಕ್ವೇಕರಲ್ಲಿಯೂ ಇತರ ಪಂಗಡಗಳಲ್ಲಿಯೂ ಹಲವರು, ಇದು ಸೇವೆಯಲ್ಲ, ಬಿಟ್ಟಿದುಡಿಮೆ ಎಂದು ಸಿಟ್ಟಾದರು. ಕೆಲವರು ಶಿಬಿರ ಬಿಟ್ಟು ಸೆರೆಮನೆಗೆ ಹೋದರು. ಆ ಯುದ್ಧದಲ್ಲಿ ಇಂಥ ಕಾರಣಗಳಿಗೆ ಸೆರೆಹೋದವರು ಆರು ಸಾವಿರ. ಅವರಲ್ಲಿ ಬಹುಪಾಲು ಯೆಹೋವನ ಸಾಕ್ಷಿಗಳೆಂಬ ಪಂಗಡದವರು. ೧೯೪೬ರಲ್ಲಿ ಕ್ವೇಕರ ಸಂಸ್ಥೆಯು ಶಿಬಿರಗಳ ಆಡಳಿತದಿಂದ ಕೈ ತೆಗೆಯಿತು. ಮೆನ್ನೊನೈಟರು ಕೊನೆಯವರೆಗೂ ನಿಂತರು. ಒಂದು ಹರದಾರಿ ಬಲಾತ್ಕಾರದಿಂದ ಕರೆದೊಯ್ದವನ ಸಂಗಡ ಎರಡು ಹರದಾರಿ ಹೋಗೆಂಬುದು ಅವರು ನಂಬಿದ ವಾಕ್ಯ. ಇದನ್ನು ವಿಧೇಯತೆಯೆನ್ನಬೇಕೋ ಅಲ್ಪತೃಪ್ತಿಯೆನ್ನಬೇಕೋ ವಾಚಕರೇ ಹೇಳಲಿ. ನನಗೆ ಎರಡೂ ಇದ್ದಂತೆ ಕಾಣುತ್ತದೆ.

ಇವರೆಲ್ಲರೂ ಒಂದೇ ಮನಸ್ಸಿನವರಾಗಿದ್ದರೆಂದು ಭಾವಿಸಕೂಡದು. ಕರೆಬಂದ ಮೆನ್ನೊನೈಟ್ ತರುಣರಲ್ಲಿ ನೂರಕ್ಕೆ ೪೬ ಮಂದಿ ಮಾತ್ರ ಶಿಬಿರಗಳನ್ನು ಆರಿಸಿದರು. ಸುಮಾರು ೪೦ ಮಂದಿ ನೇರವಾಗಿ ಸೈನ್ಯಕ್ಕೆ ಸೇರಿದರು. ಉಳಿದ ೧೪ ಮಂದಿ ಆಯುಧ ಹಿಡಿಯದೆ ಸೈನ್ಯದ ವೈದ್ಯಶಾಖೆ ಮುಂತಾದುವನ್ನು ಸೇರಿದರು. ಈ ಲೆಕ್ಕವನ್ನು ಸ್ವತಃ ಸಭೆಯವರೇ ಎಣಿಸಿ ಪ್ರಕಟಿಸಿದರೆಂಬುದು ಅವರ ಪ್ರಾಮಾಣಿಕತೆಗೆ ಸಾಕ್ಷಿ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬನು ಗುಡ್ಡದಲ್ಲಿ ಸಸಿ ನೆಡುತ್ತಿದ್ದರೆ ಇನ್ನೊಬ್ಬನು ಯೂರೋಪಿನ ರಣಭೂಮಿಯಲ್ಲಿದ್ದನು. ಹಿಂದಿರುಗಿದ ಸೈನಿಕನನ್ನು ಕೆಲವು ಸಭೆಗಳು ತಪ್ಪೊಪ್ಪಿಗೆಯಿಲ್ಲದೆ ಒಳಗೆ ಸೇರಿಸಲಿಲ್ಲ; ಕೆಲವು ಏನೂ ಕೇಳದೆ ಅಪ್ಪಿಕೊಂಡುವು; ಕೆಲವರು ಸೈನಿಕರು ತಾವಾಗಿಯೇ ಮತ್ತೆಂದೂ ಆ ಬಾಗಿಲನ್ನು ತುಳಿಯಲಿಲ್ಲ. ಅನ್ಯರ ಮಕ್ಕಳು ಪ್ರಾಣ ತೆತ್ತು ಕಾಪಾಡಿದ ನೆಲದಲ್ಲಿ ನಾವು ಸುಖವಾಗಿ ಉಳುತ್ತಿರುವೆವಲ್ಲವೇ ಎಂಬ ಮಾತು, ಹೊರಗಿನವರು ಹೇಳುವುದಕ್ಕೆ ಮೊದಲೇ, ಅವರ ಮನೆಗಳೊಳಗೇ ಏಳುತ್ತಿತ್ತು.

ಕೆನಡಾದಲ್ಲಿಯೂ ೧೯೪೧ರಿಂದ ಇಂಥದೇ ಏರ್ಪಾಡು ನಡೆಯಿತು. ಅಲ್ಲಿ ಹೆಚ್ಚಿನವರು ಮೆನ್ನೊನೈಟರೇ. ಅಮೆರಿಕಾದಲ್ಲಿ ಯುದ್ಧಾನಂತರದ ಕಡ್ಡಾಯ ಸೈನ್ಯಭರ್ತಿಯು ೧೯೭೩ರಲ್ಲಿ ನಿಲ್ಲುವ ತನಕ, ಸಂಬಳ ಸಿಕ್ಕುವಂತೆ ತಿದ್ದಿದ ಬೇರೊಂದು ಕ್ರಮದಲ್ಲಿ, ಬದಲಿ ಸೇವೆಯು ಮುಂದುವರಿಯಿತು.

ಹುಚ್ಚರ ಆಸ್ಪತ್ರೆಗಳಿಂದ ಊರಿಗೆ ಮರಳಿದ ಹುಡುಗರು ಮಾತ್ರ ಸುಮ್ಮನೆ ಕೂರಲಿಲ್ಲ. ತಾವು ಕಂಡದ್ದನ್ನು ಸಭೆಗಳಲ್ಲಿ ಹೇಳಿ, ನಮ್ಮವರೇ ಒಂದು ಆಸ್ಪತ್ರೆ ಏಕೆ ನಡೆಸಬಾರದೆಂದು ಹಿರಿಯರನ್ನು ಬಿಡದೆ ಕೇಳಿದರು. ಮೇರಿಲೆಂಡಿನ ಹೇಗರ್ಸ್‌ಟೌನ್ ಬಳಿ, ಯುದ್ಧಕಾಲದಲ್ಲಿ ಶಿಬಿರದವರು ಬೇಸಾಯ ಮಾಡುತ್ತಿದ್ದ ಹೊಲದಲ್ಲಿಯೇ, ೧೯೪೯ರಲ್ಲಿ ಬ್ರೂಕ್ ಲೇನ್ ಎಂಬ ಚಿಕ್ಕ ಚಿಕಿತ್ಸಾಲಯ ತೆರೆಯಿತು. ಎರಡು ವರ್ಷದ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಕಿಂಗ್ಸ್ ವ್ಯೂ ತೆರೆಯಿತು. ೧೯೫೪ರಲ್ಲಿ, ಹಿಂದೆ ಮೂರು ಸಭೆಗಳವರು ಕೂಡಿ ಆಲೋಚಿಸಿದ್ದ ಅದೇ ನ್ಯೂಟನ್ ಪಟ್ಟಣದಲ್ಲಿ ಪ್ರೇರಿ ವ್ಯೂ ತೆರೆಯಿತು.